ಶಿಲಾಫಲಕಕ್ಕೇ ಮುಗಿಯದಿರಲಿ ದಾನಿಯ ನಂಟು

ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲೂಕುಗಳ ವಿದ್ಯಾಸಂಸ್ಥೆಗಳ ಇತಿಹಾಸವನ್ನು ಬರೆಯಹೊರಟರೆ ಅದು ಬಹುಪಾಲು ದಾನಿಗಳ ಇತಿಹಾಸವೇ ಆಗುತ್ತದೆ. 1956ರವರೆಗೆ ಮುಂಬಯಿ ರಾಜ್ಯದ ಅಂಚಿನಲ್ಲಿದ್ದ ಉತ್ತರ ಕನ್ನಡಕ್ಕೆ ಸರ್ಕಾರದ ಕೈ ಸುಲಭವಾಗಿ ಎಟುಕುತ್ತಿರಲಿಲ್ಲ. ಆ ಕೊರತೆಯನ್ನು ತುಂಬಿದವರಲ್ಲಿ ಊರ ಹಿರಿಯರೂ ಇದ್ದರು, ಊರು ಬಿಟ್ಟು ದುಡಿಯಹೋದವರೂ ಇದ್ದರು. ಕುಮಟಾದ ಕಾಲೇಜು ಇಂದಿಗೂ ಮುಂಬಯಿಯ ಖ್ಯಾತ ಶಸ್ತ್ರಚಿಕಿತ್ಸಕ ಡಾ. ಎ.ವಿ. ಬಾಳಿಗಾ ಅವರ ಹೆಸರನ್ನು ಹೊತ್ತಿದೆ. ಹೊನ್ನಾವರದ ಕಾಲೇಜಿನ ಹೆಸರಿನಲ್ಲಿ ಧರ್ಮಸ್ಥಳದ ಮಂಜುನಾಥೇಶ್ವರನಿದ್ದಾನೆ.

ಭಟ್ಕಳದ ಮಾದರಿ ಇನ್ನೊಂದು ಬಗೆಯದು. 1919ರಲ್ಲಿ ಸ್ಥಾಪನೆಯಾದ ಅಂಜುಮನ್ ಹಾಮಿ-ಎ-ಮುಸ್ಲಿಮೀನ್ ಸಂಸ್ಥೆಯು 1980ರಲ್ಲಿ ಇಂಜಿನಿಯರಿಂಗ್ ಕಾಲೇಜನ್ನೂ ತೆರೆಯಿತು. ಗಲ್ಫ್ ನಗರಗಳಲ್ಲಿ ನೆಲೆಸಿದ ನವಾಯತರು ಅಲ್ಲಲ್ಲಿ ಜಮಾತ್‌ಗಳನ್ನು ಕಟ್ಟಿಕೊಂಡು ಊರಿನೊಡನೆ ನಂಟು ಉಳಿಸಿಕೊಂಡಿದ್ದಾರೆ. ಅದೇ ತಾಲೂಕಿನ ಮುರ್ಡೇಶ್ವರದಲ್ಲಿ ಒಬ್ಬರೇ ದಾನಿಯ ಮಾದರಿಯನ್ನು ಕಾಣಬಹುದು. ಉದ್ಯಮಿ ಆರ್.ಎನ್. ಶೆಟ್ಟಿಯವರು ಹುಟ್ಟೂರಿಗೆ ರಾಜಗೋಪುರವನ್ನಷ್ಟೇ ಅಲ್ಲ, ಆಸ್ಪತ್ರೆಯನ್ನೂ ಕೊಟ್ಟರು. ಅವರು 2020ರ ಡಿಸೆಂಬರ್‌ನಲ್ಲಿ ನಿಧನರಾದರು.

ದಾನಿ ಅಗಲಿದ ಮೇಲೆ ಸಂಸ್ಥೆಗೂ ಆ ಮನೆತನಕ್ಕೂ ನಡುವೆ ಏನು ಉಳಿಯುತ್ತದೆ ಎಂಬುದೇ ಈಗಿನ ಪ್ರಶ್ನೆ. ಮುಂಬಯಿಗೆ ಹೋದವರ ಮೊಮ್ಮಕ್ಕಳಿಗೆ ಕುಮಟಾ ಎಂದರೆ ರಜೆಯಲ್ಲಿ ಬಂದುಹೋಗುವ ಊರು. ಅಜ್ಜನ ಹೆಸರು ಕೆತ್ತಿದ ಕಲ್ಲು ಶಾಲೆಯ ಗೋಡೆಯಲ್ಲಿದ್ದರೂ, ಆ ಶಾಲೆಯಿಂದ ಮನೆಗೊಂದು ಪತ್ರ ಬರದಿದ್ದರೆ ನಂಟು ಅಲ್ಲಿಗೇ ಕಡಿಯುತ್ತದೆ. ಮತ್ತೆ ಪತ್ರ ಬರುವುದು ಹೊಸ ಕಟ್ಟಡಕ್ಕೆ ಹಣ ಬೇಕಾದಾಗ ಮಾತ್ರ ಎಂದಾದರೆ, ಅದನ್ನು ಸಂಬಂಧ ಎನ್ನಲಾಗದು, ವಸೂಲಿ ಎನ್ನಬೇಕಾಗುತ್ತದೆ.

ದಾನ ಪಡೆಯುವ ಕ್ರಮದಲ್ಲಿಯೂ ದೋಷವಿದೆ. ಕಟ್ಟಡಕ್ಕೆ ಕೊಡುವವರು ಸಿಗುತ್ತಾರೆ, ಏಕೆಂದರೆ ಅಲ್ಲಿ ಹೆಸರು ಉಳಿಯುತ್ತದೆ. ಶುಶ್ರೂಷಕಿಯ ಸಂಬಳ, ವಿದ್ಯುತ್ ಬಿಲ್ಲು, ಮಳೆಗಾಲಕ್ಕೆ ಮುನ್ನ ಹೆಂಚು ಸರಿಪಡಿಸುವ ಖರ್ಚು, ಇವಕ್ಕೆ ಶಿಲಾಫಲಕವಿಲ್ಲ. ಹಳೆಯ ದತ್ತಿನಿಧಿಗಳ ಪಾಡೂ ಬೇರೆಯಲ್ಲ. ಹಿಂದೊಮ್ಮೆ ಐದು ಸಾವಿರ ರೂಪಾಯಿ ಇಟ್ಟ ದತ್ತಿ ಶೇ. 6ರ ಬಡ್ಡಿಯಲ್ಲಿ ಇಂದು ಕೊಡುವುದು ವರ್ಷಕ್ಕೆ 300 ರೂಪಾಯಿ. ಬಹುಮಾನದ ಹೆಸರು ಉಳಿದಿದೆ, ಬೆಲೆ ಉಳಿದಿಲ್ಲ. ಇದನ್ನು ದಾನಿಯ ಮನೆಯವರಿಗೆ ತಿಳಿಸುವವರು ಯಾರು?

ಇದು ಬರಿಯ ಸೌಜನ್ಯದ ಮಾತಲ್ಲ. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ದಕ್ಷಿಣಕ್ಕೆ ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ತಾಲೂಕಿನ ಶಿರೂರು ಟೋಲ್‌ಗೇಟ್‌ನಲ್ಲಿ ಅಪಘಾತಕ್ಕೀಡಾಗಿ ನಾಲ್ವರು ಮೃತಪಟ್ಟರು. ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂದು 2019ರಲ್ಲೇ ಸಾಮಾಜಿಕ ಜಾಲತಾಣಗಳಲ್ಲಿ ಎದ್ದಿದ್ದ ಕೂಗು ಆಗ ಇನ್ನಷ್ಟು ಗಟ್ಟಿಯಾಯಿತು. ಆಸ್ಪತ್ರೆ ಕಟ್ಟುವುದು ಸರ್ಕಾರದ ಹೊಣೆ, ಅದನ್ನು ದಾನಿಗಳ ಹೆಗಲಿಗೆ ದಾಟಿಸಲಾಗದು. ಆದರೆ ಯಾರೇ ಕಟ್ಟಲಿ, ಕಟ್ಟಿದ್ದು ನಡೆಯಬೇಕಾದರೆ ವರ್ಷ ವರ್ಷವೂ ಬರುವ ಹಣ ಬೇಕು. ದುರಂತದ ವಾರದಲ್ಲಿ ಹರಿದುಬರುವ ನೆರವಿನಿಂದ ಡಯಾಲಿಸಿಸ್ ಯಂತ್ರ ಕೊಳ್ಳಬಹುದೇ ಹೊರತು ಅದನ್ನು ಹತ್ತು ವರ್ಷ ನಡೆಸಲಾಗದು.

ವಿಚಿತ್ರವೆಂದರೆ, ದಾನಿಯನ್ನು ಉಳಿಸಿಕೊಳ್ಳುವ ವಿದ್ಯೆ ಕರಾವಳಿಗೆ ಹೊಸದಲ್ಲ. ನಮ್ಮ ದೇವಸ್ಥಾನಗಳ ಶಾಶ್ವತ ಪೂಜೆಯನ್ನೇ ನೋಡಿ. ಭಕ್ತ ಒಂದು ಮೊತ್ತವನ್ನು ಇಡುಗಂಟಾಗಿ ಇಡುತ್ತಾನೆ. ಅದರ ಬಡ್ಡಿಯಿಂದ ಅವನು ಹೇಳಿದ ದಿನದಂದು ಪ್ರತಿವರ್ಷ ಪೂಜೆ ನಡೆಯುತ್ತದೆ, ಪ್ರಸಾದ ಅಂಚೆಯಲ್ಲಿ ಮನೆಗೆ ತಲುಪುತ್ತದೆ. ಮೂಲಧನ ಕರಗುವುದಿಲ್ಲ, ಉದ್ದೇಶ ಬದಲಾಗುವುದಿಲ್ಲ, ವರ್ಷಕ್ಕೊಮ್ಮೆ ವರದಿ ತಪ್ಪುವುದಿಲ್ಲ. ವಕ್ಫ್‌ನ ತತ್ವವೂ ಮೂಲವನ್ನು ಮುಟ್ಟದೆ ಫಲವನ್ನು ಮಾತ್ರ ವಿನಿಯೋಗಿಸುವುದೇ ಆಗಿದೆ. ಶಾಲೆಯೊಂದು ದಾನಿಯ ಮನೆಗೆ ಪ್ರಸಾದ ಕಳುಹಿಸಲಾರದು. ಆದರೆ ಆ ಹಣದಿಂದ ಎಷ್ಟು ಮಕ್ಕಳು ಓದಿದರು ಎಂಬ ಒಂದು ಪುಟದ ಲೆಕ್ಕ ಕಳುಹಿಸಲು ಅಡ್ಡಿಯೇನು?

ಕಾನೂನು ಕೂಡ ಈಗ ಅದೇ ಶಿಸ್ತನ್ನು ಕೇಳುತ್ತಿದೆ. 2,000 ರೂಪಾಯಿಗೆ ಮೀರಿದ ನಗದು ದೇಣಿಗೆಗೆ ತೆರಿಗೆ ವಿನಾಯಿತಿ ಇಲ್ಲ. 2021-22ರ ಆರ್ಥಿಕ ವರ್ಷದಿಂದ, ವಿನಾಯಿತಿಯ ಮಾನ್ಯತೆ ಪಡೆದ ಸಂಸ್ಥೆಯೇ ದಾನಿಗಳ ವಿವರವನ್ನು ತೆರಿಗೆ ಇಲಾಖೆಗೆ ಸಲ್ಲಿಸಿ ಪ್ರಮಾಣಪತ್ರ ಕೊಡಬೇಕಾಗಿದೆ. ಹೊಸ ತೆರಿಗೆ ಪದ್ಧತಿಯನ್ನು ಆಯ್ದುಕೊಂಡ ನೌಕರನಿಗಂತೂ ಈ ವಿನಾಯಿತಿಯ ಆಕರ್ಷಣೆಯೇ ಇಲ್ಲ. ಅವನು ಕೊಟ್ಟರೆ ಸಂಸ್ಥೆಯ ಮೇಲಿನ ನಂಬಿಕೆಯಿಂದಲೇ ಕೊಡಬೇಕು.

ಸಾಗರದಾಚೆಯ ದಾನಿಗಳ ವಿಷಯ ಇನ್ನೂ ಸೂಕ್ಷ್ಮ. ಗಲ್ಫ್ ದೇಶಗಳು ಹೊರಗಿನವರಿಗೆ ಪೌರತ್ವ ಕೊಡುವುದು ವಿರಳ, ಹೀಗಾಗಿ ಅಲ್ಲಿ ದುಡಿಯುವ ಭಟ್ಕಳಿಗರು ಸಾಮಾನ್ಯವಾಗಿ ಭಾರತದ ಪೌರರಾಗಿಯೇ ಇರುತ್ತಾರೆ. ಅವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟದ್ದು ಕಾನೂನಿನ ಪ್ರಕಾರ ವಿದೇಶಿ ದೇಣಿಗೆಯಾಗದು. ಆದರೆ ಅದೇ ಮನೆಯ ಮಗ ಅಮೆರಿಕದ ಪೌರನಾದರೆ ಅವನ ಹಣ ವಿದೇಶಿ ದೇಣಿಗೆಯಾಗುತ್ತದೆ. ಅದನ್ನು ಪಡೆಯಲು ಕೇಂದ್ರ ಗೃಹ ಸಚಿವಾಲಯದ ನೋಂದಣಿ ಅಥವಾ ಪೂರ್ವಾನುಮತಿ ಬೇಕು, 2020ರ ತಿದ್ದುಪಡಿಯಂತೆ ಹಣ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ತಂದೆಯಿಂದ ಸಲೀಸಾಗಿ ಪಡೆದದ್ದನ್ನು ಮಗನಿಂದ ಪಡೆಯಲಾಗದ ಸ್ಥಿತಿಗೆ ಸಣ್ಣ ಸಂಸ್ಥೆಗಳು ಈಗಲೇ ಸಿದ್ಧವಾಗಬೇಕು.

ಮಾಡಬೇಕಾದದ್ದು ದೊಡ್ಡ ಕೆಲಸವೇನಲ್ಲ. ದಾನಿಗಳ ವಿಳಾಸದ ಪುಸ್ತಕವನ್ನು ಎರಡನೆಯ ತಲೆಮಾರಿನವರೆಗೆ ವಿಸ್ತರಿಸಬೇಕು. ಲೆಕ್ಕಪರಿಶೋಧನೆಯ ಸಾರಾಂಶವನ್ನು ಕೇಳದೆಯೇ ಕಳುಹಿಸಬೇಕು. ಕಟ್ಟಡಕ್ಕೆ ದೇಣಿಗೆ ಸ್ವೀಕರಿಸುವಾಗಲೇ ಅದರ ನಿರ್ವಹಣೆಗೊಂದು ಪಾಲನ್ನು ಇಡುಗಂಟಾಗಿ ತೆಗೆದಿಡಬೇಕು. ಕೊಟ್ಟ ಹಣ ಉದ್ದೇಶಕ್ಕೆ ಬಳಕೆಯಾಗದಿದ್ದರೆ ಅದನ್ನೂ ತಿಳಿಸುವ ಪ್ರಾಮಾಣಿಕತೆ ಇರಬೇಕು.

ಈ ಮೂರು ತಾಲೂಕುಗಳಲ್ಲಿ ಕೊಡುವ ಕೈಗಳಿಗೆ ಎಂದೂ ಬರವಿರಲಿಲ್ಲ. ಕೊಟ್ಟವರನ್ನು ನೆನೆಯುವ ಕ್ರಮ ತಪ್ಪಿದರೆ ಮಾತ್ರ ಆ ಬರ ಬರುತ್ತದೆ.