ಗಣಕದೊಳಗಿನ ಅಪರಿಚಿತರು: ಹೆಸರನ್ನಲ್ಲ, ವಿಳಾಸವನ್ನು ನೋಡಿ

ಕಾವಲುಗಾರನೇ ಮನೆಯವರನ್ನು ಕಳ್ಳರೆಂದು ಹೊರದಬ್ಬಿದರೆ ಹೇಗಿರುತ್ತದೆ? 2010ರ ಏಪ್ರಿಲ್ 21ರಂದು ಆದದ್ದು ಅದೇ. ವೈರಸ್ ನಿರೋಧಕ ತಂತ್ರಾಂಶಕ್ಕೆ ಹೆಸರಾದ ಮ್ಯಾಕಫಿ ಸಂಸ್ಥೆ ಅಂದು ಹೊರಡಿಸಿದ ಪರಿಷ್ಕರಣೆಯೊಂದು ವಿಂಡೋಸ್ ಎಕ್ಸ್‌ಪಿಯ ಅತ್ಯವಶ್ಯ ಕಡತವಾದ 'ಎಸ್‌ವಿಸಿಹೋಸ್ಟ್' ಅನ್ನೇ ವೈರಸ್ ಎಂದು ತಪ್ಪಾಗಿ ಗುರುತಿಸಿತು. ಅನೇಕ ಕಚೇರಿಗಳ ಗಣಕಗಳು ಜಾಲಸಂಪರ್ಕ ಕಳೆದುಕೊಂಡು, ಮತ್ತೆ ಮತ್ತೆ ತಾವಾಗಿಯೇ ಮರುಚಾಲನೆಗೊಂಡವು. ಪರಿಣತರೇ ಹೀಗೆ ಎಡವಿದರೆ, ಮನೆಯಲ್ಲಿ ಗಣಕ ಬಳಸುವ ಸಾಮಾನ್ಯರ ಪಾಡೇನು?

ಈ ಗೊಂದಲವನ್ನೇ ಬಂಡವಾಳ ಮಾಡಿಕೊಂಡವರೂ ಇದ್ದಾರೆ. 2023ರ ಅಕ್ಟೋಬರ್‌ನಲ್ಲಿ ಸಿಬಿಐ 'ಆಪರೇಷನ್ ಚಕ್ರ-2' ಹೆಸರಿನಲ್ಲಿ ದೇಶದ 76 ಕಡೆ ಶೋಧ ನಡೆಸಿತು. ತಾಂತ್ರಿಕ ನೆರವಿನ ಸೋಗಿನಲ್ಲಿ ವಂಚಿಸುತ್ತಿದ್ದ ನಕಲಿ ಕಾಲ್ ಸೆಂಟರ್‌ಗಳ ಕುರಿತು ಮೈಕ್ರೋಸಾಫ್ಟ್ ಮತ್ತು ಅಮೆಜಾನ್ ನೀಡಿದ್ದ ದೂರುಗಳೂ ಅದರ ಹಿಂದಿದ್ದವು. ಇಂಥ ವಂಚಕರ ಕೈಯಲ್ಲಿ ಅಪೂರ್ವ ವಿದ್ಯೆಯೇನೂ ಇರುವುದಿಲ್ಲ. ದೂರದಿಂದಲೇ ನಿಮ್ಮ ಗಣಕದೊಳಗೆ ಬರಲು ಅನುಮತಿ ಪಡೆದು, ವಿಂಡೋಸ್‌ನ ಸ್ವಂತ ಪಟ್ಟಿಗಳನ್ನೇ ತೆರೆದು ತೋರಿಸುತ್ತಾರೆ. ನಿಂತಿರುವ ಸೇವೆಗಳನ್ನು ತೋರಿಸಿ 'ಯಂತ್ರ ಸಾಯುತ್ತಿದೆ' ಎನ್ನುತ್ತಾರೆ. ಸಂಪರ್ಕಗಳ ಪಟ್ಟಿಯಲ್ಲಿ ಬರುವ 'ಫಾರಿನ್ ಅಡ್ರೆಸ್' ಎಂಬ ಶೀರ್ಷಿಕೆಗೆ ವಿದೇಶಿ ಕಳ್ಳರು ಎಂಬ ಅರ್ಥ ಹಚ್ಚುತ್ತಾರೆ. ಸಂಪರ್ಕದ ಆಚೆ ತುದಿಯ ವಿಳಾಸ ಎಂಬುದಷ್ಟೇ ಅದರ ಅರ್ಥ. ಆರೋಗ್ಯವಂತ ಗಣಕದಲ್ಲಿಯೂ ಇವೆಲ್ಲ ಇದ್ದೇ ಇರುತ್ತವೆ.

ಹಾಗಾದರೆ ಸಹಜವೆಂಬುದು ಯಾವುದು? ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಅದರಲ್ಲಿ ಎಸ್‌ವಿಸಿಹೋಸ್ಟ್ ಹತ್ತಾರು ಬಾರಿ ಕಂಡರೆ ಗಾಬರಿ ಬೇಡ. ಹಿಂದೆ ಹಲವು ಸೇವೆಗಳು ಒಂದೇ ಎಸ್‌ವಿಸಿಹೋಸ್ಟ್‌ನಡಿ ನಡೆಯುತ್ತಿದ್ದವು. 2017ರ ಪರಿಷ್ಕರಣೆಯ ನಂತರ, 3.5 ಜಿಬಿಗಿಂತ ಹೆಚ್ಚು ಸ್ಮರಣಶಕ್ತಿಯುಳ್ಳ ಗಣಕಗಳಲ್ಲಿ ಬಹುತೇಕ ಸೇವೆಗಳು ಬೇರೆ ಬೇರೆಯಾಗಿ ನಡೆಯುತ್ತವೆ. 'ಸಿಸ್ಟಂ ಐಡಲ್ ಪ್ರೊಸೆಸ್' ಶೇ. 95 ಎಂದು ತೋರಿಸಿದರೆ ಅಷ್ಟು ಪಾಲು ಯಂತ್ರ ಬಿಡುವಾಗಿದೆ ಎಂದರ್ಥ. ಅದನ್ನು ನಿಲ್ಲಿಸಲು ಹೆಣಗುವವರನ್ನು ಕಂಡರೆ ನಗಬೇಕೋ ಮರುಗಬೇಕೋ ತಿಳಿಯದು.

ಸಂಶಯದ ವಿಷಯಕ್ಕೆ ಬರೋಣ. 2003ರ ಬ್ಲಾಸ್ಟರ್ ಹುಳು 'ಎಂಎಸ್‌ಬ್ಲಾಸ್ಟ್' ಎಂಬ ಹೆಸರಿನಲ್ಲಿ ಪಟ್ಟಿಯಲ್ಲೇ ಎದ್ದು ಕಾಣುತ್ತಿತ್ತು. ಅಂಥ ಮುಗ್ಧ ಕಳ್ಳರ ಕಾಲ ಮುಗಿಯಿತು. ಈಗಿನವು ಸಭ್ಯರ ಹೆಸರನ್ನೇ ಧರಿಸುತ್ತವೆ. 'ಎಲ್‌ಸ್ಯಾಸ್' ಎಂಬ ಭದ್ರತಾ ಪ್ರಕ್ರಿಯೆಯ ಮೊದಲ ಅಕ್ಷರ ಇಂಗ್ಲಿಷಿನ ಸಣ್ಣ 'ಎಲ್'. ಅಲ್ಲಿ ದೊಡ್ಡ 'ಐ' ಇಟ್ಟರೆ ಪರದೆಯ ಮೇಲೆ ಎರಡೂ ಒಂದೇ ಗೀಟು. ಆದ್ದರಿಂದ ಹೆಸರನ್ನು ನಂಬದೆ ವಿಳಾಸ ನೋಡಬೇಕು. ಹೆಸರಿನ ಮೇಲೆ ಬಲಗುಂಡಿ ಒತ್ತಿ 'ಓಪನ್ ಫೈಲ್ ಲೊಕೇಶನ್' ಆರಿಸಿ. ಎಸ್‌ವಿಸಿಹೋಸ್ಟ್, ಎಲ್‌ಸ್ಯಾಸ್‌ಗಳ ಮನೆ ವಿಂಡೋಸ್ ಕಡತಕೋಶದೊಳಗಿನ 'ಸಿಸ್ಟಂ32'. ಅದೇ ಹೆಸರಿನವನು 'ಟೆಂಪ್' ಅಥವಾ 'ಆಪ್‌ಡೇಟಾ'ದಲ್ಲಿ ಬಿಡಾರ ಹೂಡಿದ್ದರೆ ವೇಷಧಾರಿಯೆಂದೇ ತಿಳಿಯಬೇಕು. ಕಡತದ ಗುಣಲಕ್ಷಣಗಳಲ್ಲಿ ಡಿಜಿಟಲ್ ಸಹಿ ಯಾರದೆಂಬುದನ್ನೂ ನೋಡಬಹುದು. ಮೈಕ್ರೋಸಾಫ್ಟ್‌ನ ಉಚಿತ 'ಪ್ರೊಸೆಸ್ ಎಕ್ಸ್‌ಪ್ಲೋರರ್' ಈ ಕೆಲಸವನ್ನು ಸುಲಭಗೊಳಿಸುತ್ತದೆ.

ಯಾರೂ ಬಳಸದಿರುವಾಗಲೂ ಪಂಖ ಭೋರೆಂದು ತಿರುಗುತ್ತಿದ್ದರೆ, ಯಾರೋ ನಿಮ್ಮ ವಿದ್ಯುತ್ತಿನಲ್ಲಿ ಗುಪ್ತವಾಗಿ ಕ್ರಿಪ್ಟೋ ನಾಣ್ಯ ಟಂಕಿಸುತ್ತಿರಬಹುದು. ವಿಂಡೋಸ್ ಪರಿಷ್ಕರಣೆ, ಡಿಫೆಂಡರ್‌ನ ತಪಾಸಣೆಗಳೂ ಅದೇ ಬಿಡುವನ್ನು ಬಳಸುತ್ತವೆ. ಅವು ಕೆಲ ಹೊತ್ತಿನಲ್ಲಿ ತಣ್ಣಗಾಗುತ್ತವೆ, ಕಳ್ಳ ಟಂಕಸಾಲೆ ದಿನವಿಡೀ ದುಡಿಯುತ್ತದೆ.

ಆದರೂ ಈ ಪಟ್ಟಿಯೊಂದನ್ನೇ ನಂಬಿ ಕೂರುವಂತಿಲ್ಲ. 2008ರಲ್ಲಿ ಹರಡಿದ ಕಾನ್ಫಿಕರ್ ನಕಲಿ ಹೆಸರಿನ ಗೊಡವೆಗೇ ಹೋಗದೆ, ಅಸಲಿ ಎಸ್‌ವಿಸಿಹೋಸ್ಟ್‌ನ ಒಳಗೇ ಸೇರಿಕೊಂಡಿತ್ತು. ಹೆಸರು, ವಿಳಾಸ, ಸಹಿ ಎಲ್ಲವೂ ಸರಿ! ಇಂಥ ಅನುಮಾನವಿದ್ದಾಗ ಡಿಫೆಂಡರ್‌ನ 'ಆಫ್‌ಲೈನ್ ಸ್ಕ್ಯಾನ್' ಉಪಯುಕ್ತ. ವಿಂಡೋಸ್ ಏಳುವ ಮೊದಲೇ ಅದು ಜಾಲಾಡುತ್ತದೆ. ಕೈಗೆ ಸಿಕ್ಕ ಕಡತವನ್ನು ಅಳಿಸಲು ಹೋಗಬೇಡಿ. ಮೊದಲು ಅಂತರ್ಜಾಲ ಸಂಪರ್ಕ ಕಡಿದು, ತಪಾಸಣೆ ನಡೆಸಿ, ಬ್ಯಾಂಕಿನ ಗುಪ್ತಪದಗಳನ್ನು ಬೇರೊಂದು ಸಾಧನದಿಂದ ಬದಲಿಸಿ. ಹಣವೇ ಹೋಗಿದ್ದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ.