ಒಂದು ಪದ, ನೂರಾರು ಅರ್ಥ

ಇಂಗ್ಲಿಷಿನ ‘ರನ್’ ಎಂಬ ಪದಕ್ಕೆ ‘ಓಡು’ ಎಂಬ ಒಂದೇ ಅರ್ಥವನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿಯು ಬಹುಬೇಗ ಎಡವುತ್ತಾನೆ. ಆ ಭಾಷೆಯಲ್ಲಿ ನದಿಗೂ ಇದೇ ಪದ, ಯಂತ್ರಕ್ಕೂ ಇದೇ ಪದ. ನೆಗಡಿಯಾದವನ ಮೂಗಿಗೂ ಇದೇ! ಕನ್ನಡದಲ್ಲಾದರೋ ನದಿ ಹರಿಯುತ್ತದೆ, ಯಂತ್ರ ನಡೆಯುತ್ತದೆ, ಮೂಗು ಸೋರುತ್ತದೆ.

ಆಕ್ಸ್‌ಫರ್ಡ್ ಮಹಾನಿಘಂಟಿನ 1989ರ ಆವೃತ್ತಿಯಲ್ಲಿ ‘ಸೆಟ್’ ಪದವು 430 ಅರ್ಥಗಳೊಡನೆ ಅಗ್ರಸ್ಥಾನದಲ್ಲಿತ್ತು. ಮುಂದಿನ ಪರಿಷ್ಕರಣದಲ್ಲಿ ‘ರನ್’ ಕ್ರಿಯಾಪದವು 645 ಅರ್ಥಗಳೊಡನೆ ಅದನ್ನು ಹಿಂದಿಕ್ಕಿತು. ಇಷ್ಟನ್ನೂ ಕಂಠಸ್ಥ ಮಾಡಿದ ಆಂಗ್ಲನು ಒಬ್ಬನೂ ಇರಲಾರನು. ನೆರೆಯ ಪದಗಳೇ ಅವನಿಗೆ ಅರ್ಥವನ್ನು ತಿಳಿಸುತ್ತವೆ. ‘ಮಳೆ ಹಿಡಿಯಿತು’, ‘ಹಠ ಹಿಡಿದನು’, ‘ಬಸ್ಸು ಹಿಡಿದನು’ ಎಂಬಲ್ಲಿನ ಬೇರೆ ಬೇರೆ ‘ಹಿಡಿ’ಗಳನ್ನು ಕನ್ನಡದ ಮಗುವೂ ಯಾವ ಪಟ್ಟಿಯನ್ನು ನೋಡಿಯೂ ಕಲಿತುದಲ್ಲ.