ಟ್ಯೂಬು ತೂತಾದರೆ ಪೇಟೆಗೂ ಪೆಟ್ಟು

ತವಂದಿ ಘಾಟ ಏರುವಾಗ ರೇಡಿಯೇಟರ್ ಕುದ್ದು ಬಸ್ಸು ನಿಂತದ್ದು, ಕಂಡಕ್ಟರು ಕೊಡ ಹಿಡಿದು ನೀರು ಹುಡುಕಿದ್ದು ನಿಪ್ಪಾಣಿಯ ಹಳೇ ಪ್ರಯಾಣಿಕರಿಗೆ ನೆನಪಿದ್ದೀತು. ಸಿಕ್ಕ ಸವುಳು ನೀರು ಸುರಿದರೆ ಬಸ್ಸು ಆ ಹೊತ್ತಿಗೆ ಹೊರಡುತ್ತದೆ ಖರೆ. ಒಳಗಿನ ಟ್ಯೂಬಿಗೆ ತುಕ್ಕು ಹತ್ತುವುದು ಆಮೇಲಿನ ಮಾತು.

ಸಕ್ಕರೆ ಕಾರ್ಖಾನೆಗಳಲ್ಲೂ ಇದೇ ಕಥೆ. ಉಗಾರದ್ದು 1939ರ ಕಂಪನಿ; ನಿಪ್ಪಾಣಿಗೆ ಹಾಲಸಿದ್ಧನಾಥ, ಚಿಕ್ಕೋಡಿಗೆ ದೂಧಗಂಗಾ ಕೃಷ್ಣಾ. ಯಾವುದೋ ಒಂದರ ಕಡೆ ಬೊಟ್ಟು ಮಾಡುವ ಮಾತಲ್ಲ ಇದು. ಎಲ್ಲ ಕಡೆಯೂ ಕಬ್ಬಿನ ಹಾಲು ಕಾಯಿಸುವುದು ಸಾವಿರಾರು ಟ್ಯೂಬುಗಳಲ್ಲಿ. ಒಳಗೆ ಹಾಲು, ಹೊರಗೆ ಉಗಿ, ನಡುವೆ ತೆಳುವಾದ ಲೋಹ. ಹಾಲು ಬಿಳುಪಾಗಲೆಂದು ಗಂಧಕದ ಹೊಗೆ, ಸುಣ್ಣ ಕೊಡುತ್ತಾರೆ. ಹದ ತಪ್ಪಿ ಹುಳಿಯಾಯಿತೋ, ಲೋಹ ತಿನ್ನುತ್ತದೆ. ಕಲ್ಲಿನಂತೆ ಕಟ್ಟಿದ ಪದರು ತೆಗೆಯಲು ಆಸಿಡ್ ಹಾಕುವಾಗ ಲೋಹ ಕಾಯುವ ಔಷಧಿ ಬೆರೆಸದಿದ್ದರೆ ಪದರಿನ ಜೊತೆ ಟ್ಯೂಬೂ ಸವೆಯುತ್ತದೆ. ಸ್ಟೇನ್‌ಲೆಸ್ ಹಾಕಿದ್ದೇವೆ, ಚಿಂತೆಯಿಲ್ಲ ಎನ್ನುವವರಿದ್ದಾರೆ. ಹೈಡ್ರೋಕ್ಲೋರಿಕ್ ಆಸಿಡ್ ತಾಗಿದರೆ ಅದಕ್ಕೂ ಸೂಜಿಮೊನೆಯ ಗುಳಿ ತಪ್ಪಿದ್ದಲ್ಲ. ಹಂಗಾಮು ಮುಗಿದ ಮೇಲೆ ನೀರು ಬಸಿದು ಒಣಗಿಸದೆ ಬಾಗಿಲು ಹಾಕಿದರಂತೂ ಮಳೆಗಾಲವೆಲ್ಲ ತುಕ್ಕಿಗೆ ಹಬ್ಬ.

ಜ್ಯೂಸ್ ಹೀಟರಿನಲ್ಲಿ ಹಾಲು ಪಂಪಿನ ಒತ್ತಡದಲ್ಲಿರುತ್ತದೆ. ತೂತು ಬಿದ್ದರೆ ಅದು ಉಗಿ ತಣಿದ ನೀರಿಗೆ ಸೇರುತ್ತದೆ. ಆ ನೀರು ಬಾಯ್ಲರಿಗೆ ಹೋಯಿತೆಂದರೆ ಸಕ್ಕರೆ ಒಡೆದು ಹುಳಿಯಾಗಿ ಅಲ್ಲಿಯ ಟ್ಯೂಬುಗಳಿಗೂ ಕುತ್ತು. ಆಲ್ಫಾ ನ್ಯಾಫ್ಥಾಲ್ ಮತ್ತು ಗಂಧಕಾಮ್ಲ ಹಾಕಿದರೆ ನೀರಿನಲ್ಲಿ ನೇರಳೆ ಉಂಗುರ ಮೂಡಿ ಸಕ್ಕರೆಯ ಸುಳಿವು ಕೊಡುತ್ತದೆ. ಎರಡು ನಿಮಿಷದ ಕೆಲಸ. ರಾತ್ರಿ ಪಾಳಿಯಲ್ಲೂ ತಪ್ಪದೆ ಮಾಡುತ್ತಾರೆಯೇ ಎಂಬುದೇ ಪ್ರಶ್ನೆ.

ಬಾಯ್ಲರು ಆರಿದರೆ ಗಾಣ ನಿಂತಿತು. ಕಡಿದ ಕಬ್ಬು ಒಂದು ದಿನದೊಳಗೆ ನುರಿಯಬೇಕು. ತಡವಾದಷ್ಟೂ ತೂಕ ಇಳಿಯುತ್ತದೆ, ಸಕ್ಕರೆ ಇಳಿಯುತ್ತದೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದಲ್ಲಿ ಬಿಲ್ಲು ಪಾವತಿಯಾಗಬೇಕು. ಆದರೆ ಗೇಟಿನ ಹೊರಗೆ ಒಣಗುತ್ತ ನಿಂತ ಟ್ರಾಲಿಗೆ ಆ ಲೆಕ್ಕ ಶುರುವೇ ಆಗಿಲ್ಲವಲ್ಲ! ಕಿರಾಣಿ ಅಂಗಡಿಯ, ಬಟ್ಟೆ ಅಂಗಡಿಯ ಉದ್ರಿ ಚೀಟಿಗಳು ಅದೇ ಟ್ರಾಲಿಯ ಹಿಂದೆ ಸಾಲುಗಟ್ಟಿ ನಿಂತಿರುತ್ತವೆ.

ಸಹಕಾರಿ ಕಾರ್ಖಾನೆಗೆ ರೈತರೇ ಧಣಿಗಳು. ವಾರ್ಷಿಕ ಸಭೆಯಲ್ಲಿ ಚಹಾ ಕುಡಿದು ಕೈ ಎತ್ತಿ ಬರುವ ಮೊದಲು ಎದ್ದು ನಿಂತು ಕೇಳಲಿ: ನೀರಿನ ಒತ್ತಡ ಕೊಟ್ಟು ಟ್ಯೂಬುಗಳ ಪರೀಕ್ಷೆ ಆಯಿತೇ? ಎಷ್ಟು ಹೊಸದು ಹಾಕಿದಿರಿ, ಎಷ್ಟಕ್ಕೆ ಬರೀ ಬೂಚು ಹೊಡೆದಿರಿ? ಉತ್ತರವನ್ನು ಕಬ್ಬಿನ ಆಫೀಸಿನ ನೋಟಿಸ್ ಬೋರ್ಡಿಗೆ ಹಚ್ಚಲಿ, ಗಾಣ ಶುರುವಾಗುವ ಮೊದಲೇ.